ಬೇಸಿಗೆಯಲ್ಲಿ ಮೊಳಕೆ ಕಾಳು ಲೋಳೆಯಾಗುತ್ತಿದೆ. ಯಾವುದನ್ನು ಎಷ್ಟು ಹೊತ್ತು ನೆನೆಸಬೇಕು? ಹಸಿಯಾಗಿ ತಿನ್ನಬೇಕಾ, ಬೇಯಿಸಬೇಕಾ?

ನಿಟ್ಟುವಳ್ಳಿ ಸೊಸೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಮೂರು ವರ್ಷ ಆಯಿತು, ಒಂದೂವರೆ ವರ್ಷದ ಮಗಳಿದ್ದಾಳೆ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.4 ಬಂತು. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಮೊಳಕೆ ಕಾಳು ತಿನ್ನಿ, ರಾಗಿ ತಿನ್ನಿ ಎಂದರು. ಹೇಗೆ, ಎಷ್ಟು ಅಂತ ಕೇಳುವಷ್ಟರಲ್ಲಿ ಮುಂದಿನವರು ಒಳಗೆ ಬಂದಾಗಿತ್ತು.

ಸರಿ ಅಂತ ಮನೆಯಲ್ಲಿ ಶುರು ಮಾಡಿದೆ. ರಾತ್ರಿ ಒಂಬತ್ತಕ್ಕೆ ಹೆಸರುಕಾಳು ನೆನೆಹಾಕುತ್ತೇನೆ, ಬೆಳಗ್ಗೆ ಏಳಕ್ಕೆ ನೀರು ಬಸಿದು ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಆರಕ್ಕೆ ಬಂದು ಮುಚ್ಚಳ ತೆಗೆದರೆ ಹುಳಿ ವಾಸನೆ. ಕಾಳು ಲೋಳೆಲೋಳೆ, ಮೊಳಕೆ ಮಾತ್ರ ಅರ್ಧಕ್ಕರ್ಧಕ್ಕೂ ಬಂದಿರುವುದಿಲ್ಲ. ಎರಡು ಸಲ ಪೂರ್ತಿ ಚೆಲ್ಲಿದೆ, ತುಂಬಾ ಬೇಜಾರಾಯಿತು. ನಮ್ಮತ್ತೆ ಜಗಳೂರು ಕಡೆ ಹಳ್ಳಿಯಲ್ಲಿ ಇರುತ್ತಾರೆ. ಅವರು ಹುರುಳಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತೂಗುಹಾಕುತ್ತಾರೆ, ಒಂದು ದಿನವೂ ಕೆಟ್ಟಿದ್ದು ನಾನು ನೋಡಿಲ್ಲ. ಫೋನಲ್ಲಿ ಕೇಳಿದರೆ "ಕೈಗೆ ಗೊತ್ತಾಗುತ್ತೆ ಬಿಡು" ಅಂತಾರೆ. ನನ್ನ ಕೈಗೆ ಇನ್ನೂ ಗೊತ್ತಾಗಿಲ್ಲ.

ಇನ್ನೊಂದಿಷ್ಟು ಗೊಂದಲ ಇದೆ. ಮೊಬೈಲಲ್ಲಿ ನೋಡಿದರೆ ಒಬ್ಬರು ಹಸಿಯಾಗಿಯೇ ತಿನ್ನಿ, ಬೇಯಿಸಿದರೆ ಸತ್ವ ಹೋಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಮೊಳಕೆ ಬಂದರೆ ಪ್ರೋಟೀನ್ ಎರಡು ಪಟ್ಟು ಆಗುತ್ತದೆ ಎನ್ನುತ್ತಾರೆ. ಬಾದಾಮಿ, ಶೇಂಗಾ, ಅಗಸೆ, ಜೋಳ, ನವಣೆ ಎಲ್ಲವನ್ನೂ ನೆನೆಸಲೇಬೇಕಾ? ಮಗಳಿಗೆ ಮೊಳಕೆ ರಾಗಿ ಹಿಟ್ಟಿನ ಗಂಜಿ ಕೊಡಬಹುದಾ? ಇದೆಲ್ಲ ತಿಂದರೆ ಮಾತ್ರೆ ಬಿಡಬಹುದಾ? ಗೊತ್ತಿರುವವರು ದಯವಿಟ್ಟು ಹೇಳಿ. ನಮ್ಮ ಮನೆಯಲ್ಲಿ ಅಡುಗೆಗೆಲ್ಲ ಬೋರ್ ನೀರೇ, ಅದಕ್ಕೇನಾದರೂ ಹೀಗಾಗುತ್ತಾ ಅನ್ನುವುದೂ ಗೊತ್ತಿಲ್ಲ.

ಹಿರಿಯೂರಮ್ಮ

ನೋಡವ್ವಾ, ಕಾಳಿನ ತಪ್ಪಲ್ಲ, ಆ ಡಬ್ಬಿಯ ತಪ್ಪು. ಮೊಳೆಯುವ ಕಾಳಿಗೆ ಜೀವ ಇರುತ್ತದೆ, ಉಸಿರಾಡುತ್ತದೆ, ಒಳಗೊಳಗೇ ಬಿಸಿಯಾಗುತ್ತದೆ. ಅತ್ತೆಯ ಗಂಟಿನ ನಡುವೆ ಒಂದು ಸಲ ಬೆರಳು ಹಾಕಿ ನೋಡು, ಬೆಚ್ಚಗಿರುತ್ತದೆ. ಅಂಥದ್ದನ್ನು ಗಾಳಿ ಆಡದ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಹನ್ನೊಂದು ತಾಸು ಬಿಟ್ಟರೆ ಬೇಯದೆ ಇನ್ನೇನಾಗುತ್ತದೆ. ಮುಚ್ಚಳದ ಒಳಗೆ ನೀರು ಹನಿಗಟ್ಟಿರುತ್ತದೆ, ಅದೇ ಮತ್ತೆ ಕಾಳಿನ ಮೇಲೆ ತೊಟ್ಟಿಕ್ಕುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ, ಕೊಳೆಯುವುದು ಅಲ್ಲಿಂದಲೇ.

ನೀನು ಹೊತ್ತು ಬದಲಾಯಿಸಿಕೋ. ಸಂಜೆ ಮನೆಗೆ ಬಂದ ಕೂಡಲೇ, ಬೇರೆ ಕೆಲಸಕ್ಕೆ ಮುಂಚೆ, ಕಾಳು ನೆನೆಹಾಕು. ಬೇಸಿಗೆಯಲ್ಲಿ ಹೆಸರಿಗೆ ಐದು ಆರು ತಾಸು ಧಾರಾಳ. ರಾತ್ರಿ ಮಲಗುವ ಮುಂಚೆ ಬಸಿದು, ಎರಡು ಮೂರು ನೀರಲ್ಲಿ ತೊಳೆದು, ಜಾಲರಿ ಬುಟ್ಟಿಯಲ್ಲಿ ಕಾಲು ತಾಸು ಬಿಡು. ನೀರು ಪೂರ್ತಿ ಸೋರಿದ ಮೇಲೆ ತೆಳ್ಳಗಿನ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಗಾಳಿ ಆಡುವ ಕಡೆ ತೂಗುಹಾಕು. ಹಳೇ ಪಂಚೆ ತುಂಡು ಎಲ್ಲಕ್ಕಿಂತ ಒಳ್ಳೆಯದು. ಗಟ್ಟಿಯಾಗಿ ಬಿಗಿಯಬೇಡ, ಕಾಳಿಗೆ ಉಬ್ಬೋಕೆ ಜಾಗ ಬೇಕು. ರಾತ್ರಿಯ ತಂಪು ನಿನಗೆ ಕೆಲಸ ಮಾಡಿಕೊಡುತ್ತದೆ, ಬೆಳಗ್ಗೆ ಏಳುವಷ್ಟರಲ್ಲಿ ಬಿಳಿ ಮೂತಿ ಕಾಣುತ್ತದೆ. ಇನ್ನೊಮ್ಮೆ ತೊಳೆದು ಬಸಿದು, ಅಡುಗೆಗೆ ಬೇಕಾದಷ್ಟು ತೆಗೆದುಕೊಂಡು, ಉಳಿದದ್ದನ್ನು ಫ್ರಿಜ್ಜಿಗೆ ಇಟ್ಟು ಹೋಗು. ಎರಡು ದಿನ ಏನೂ ಆಗಲ್ಲ.

ನೆನೆಹಾಕುವ ಮುಂಚೆ ಆರಿಸುವುದನ್ನು ಮಾತ್ರ ಬಿಡಬೇಡ. ಒಡೆದ ಕಾಳು, ಹುಳುಕು ಕಾಳು ಮೊಳೆಯಲ್ಲ, ಸುಮ್ನೆ ಕೊಳೆತು ಪಕ್ಕದ್ದನ್ನೂ ಕೆಡಿಸುತ್ತದೆ. ನೀರಲ್ಲಿ ತೇಲುವುದನ್ನು ತೆಗೆದುಹಾಕು. ಬಟ್ಟೆಯನ್ನು ಪ್ರತಿ ಸಲ ಬಿಸಿನೀರಲ್ಲಿ ಕುದಿಸಿ ಬಿಸಿಲಲ್ಲಿ ಒಣಗಿಸು. ಒಂದು ಸಲ ಹುಳಿ ಹತ್ತಿದ ಬಟ್ಟೆಯಲ್ಲೇ ಮತ್ತೆ ಕಟ್ಟಿದರೆ ಎಷ್ಟು ತೊಳೆದ ಕಾಳಿಗೂ ಅದೇ ವಾಸನೆ ಬರುತ್ತದೆ. ನಿನ್ನ ಎರಡನೇ ಸಲದ್ದು ಹಾಗೇ ಆಗಿರಬೇಕು, ಆ ಡಬ್ಬಿಯನ್ನೂ ಕುದಿನೀರಲ್ಲಿ ತೊಳೆ.

ಹುರುಳಿ ಬೇರೆ ಲೆಕ್ಕ. ಸಿಪ್ಪೆ ಗಟ್ಟಿ, ಹತ್ತು ಹನ್ನೆರಡು ತಾಸು ಬೇಕು. ಅದನ್ನು ನೀನು ಬೆಳಗ್ಗೆ ಹೋಗುವಾಗ ನೆನೆಸಿ ಸಂಜೆ ಬಂದು ಬಸಿದು ಕಟ್ಟಬಹುದು. ಮಾರನೇ ದಿನ ಸಂಜೆಗೆ ಮೊಳಕೆ ಚೆನ್ನಾಗಿರುತ್ತದೆ, ಬೆಳಗ್ಗೆ ಒಂದು ಸಲ ಗಂಟಿನ ಮೇಲೇ ನೀರು ಹಾಯಿಸಿ ಸೋರಿಸಿ ಹೋಗು. ನೆನೆಯದೆ ಕಲ್ಲಿನ ಹಾಗೆ ಉಳಿದ ಕಾಳು ಒಂದೆರಡು ಹಿಡಿ ಇದ್ದೇ ಇರುತ್ತದೆ, ಆರಿಸದಿದ್ದರೆ ಹಲ್ಲಿಗೆ ಕಷ್ಟ. ಅಲಸಂದೆ, ಮಡಕೆ ಕಾಳು ಹೆಸರಿನ ಹಾಗೇ ಬೇಗ ಬರುತ್ತವೆ. ಕಡಲೆಕಾಳಿಗೆ ರಾತ್ರಿಯೆಲ್ಲ ಬೇಕು.

ಚಳಿಗಾಲದಲ್ಲಿ ಇದೆಲ್ಲ ಉಲ್ಟಾ. ಡಿಸೆಂಬರಲ್ಲಿ ಗಂಟನ್ನು ಹಾಟ್‌ಬಾಕ್ಸಲ್ಲಿ ಇಟ್ಟು ಮುಚ್ಚಳ ಅರ್ಧ ತೆರೆದಿಡುತ್ತೇನೆ, ಆದರೂ ಒಂದೂವರೆ ದಿನ ತೆಗೆದುಕೊಳ್ಳುತ್ತದೆ.

ಕೋಟೆ ಟೀಚರ್, ಚಿತ್ರದುರ್ಗ

ಹಿರಿಯೂರಮ್ಮ ಹೇಳಿದ ಹೊತ್ತಿನ ಲೆಕ್ಕ ತುಂಬಾ ಸರಿಯಾಗಿದೆ. ನಾನು ಗೃಹವಿಜ್ಞಾನ ಪಾಠ ಮಾಡುತ್ತೇನೆ, ಉಳಿದ ಪ್ರಶ್ನೆಗಳಿಗೆ ಉತ್ತರ ಕೊಡಲು ನೋಡುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಓದಿ ತಂಗಿ, ನಿಮ್ಮ 9.4ಕ್ಕೆ ಇದು ನೇರವಾಗಿ ಸಂಬಂಧಪಟ್ಟದ್ದು.

ಬೀಜ ಅಂದರೆ ತಾಯಿ ಗಿಡ ತನ್ನ ಮರಿಗೆ ಕಟ್ಟಿಕೊಟ್ಟ ಬುತ್ತಿ. ಆ ಬುತ್ತಿಯಲ್ಲಿ ರಂಜಕವನ್ನು ಫೈಟೇಟ್ ಅನ್ನುವ ರೂಪದಲ್ಲಿ ಕೂಡಿಟ್ಟಿರುತ್ತದೆ. ಈ ಫೈಟೇಟ್ ಕಬ್ಬಿಣ, ಸತು, ಸುಣ್ಣ ಮೂರನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಾವು ಕಾಳು ತಿಂದಾಗ ಅದು ನಮ್ಮ ಹೊಟ್ಟೆಯಲ್ಲೂ ಹಿಡಿತ ಬಿಡುವುದಿಲ್ಲ. ಹಾಗಾಗಿ ಪುಸ್ತಕದಲ್ಲಿ ಕಬ್ಬಿಣ ಜಾಸ್ತಿ ಇದ್ದರೂ ರಕ್ತಕ್ಕೆ ಸೇರುವುದು ಕಮ್ಮಿ. ಕಾಳು ನೆನೆದು ಮೊಳೆಯಲು ಶುರುವಾದಾಗ ಬೀಜವೇ ಫೈಟೇಸ್ ಅನ್ನುವ ಕಿಣ್ವವನ್ನು ಕೆಲಸಕ್ಕೆ ಹಚ್ಚಿ ಆ ಗಂಟು ಬಿಚ್ಚುತ್ತದೆ. ಮೊಳಕೆಯಲ್ಲಿ ಕಬ್ಬಿಣ ಹೊಸದಾಗಿ ಹುಟ್ಟುವುದಿಲ್ಲ ಅನ್ನುವುದು ನೆನಪಿರಲಿ. ಇದ್ದದ್ದೇ ನಮಗೆ ಹೆಚ್ಚು ಸಿಗುತ್ತದೆ. ಬರೀ ನೆನೆಸಿದರೂ ಸ್ವಲ್ಪ ಪ್ರಯೋಜನ ಇದೆ, ಮೊಳಕೆ ಬಂದರೆ ಇನ್ನೂ ಜಾಸ್ತಿ. ಹಿಟ್ಟು ಹುಳಿ ಬರಿಸಿದರೂ ಇದೇ ನಡೆಯುತ್ತದೆ. ನಿಮ್ಮೂರಿನ ಬೆಣ್ಣೆದೋಸೆಯ ಹಿಟ್ಟು ರಾತ್ರಿಯೆಲ್ಲ ಉಬ್ಬುವಾಗಲೂ ಫೈಟೇಟ್ ಕರಗುತ್ತಿರುತ್ತದೆ.

ಪ್ರೋಟೀನ್ ಎರಡು ಪಟ್ಟು ಅನ್ನುವುದು ತಪ್ಪು. 100 ಗ್ರಾಂ ಒಣ ಹೆಸರುಕಾಳಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುತ್ತದೆ. ಅದೇ ಕಾಳು ನೀರು ಕುಡಿದು ಮೊಳೆತಾಗ ತೂಕ ಎರಡು ಪಟ್ಟಿಗೂ ಮೇಲಾಗುತ್ತದೆ, ಅದೇ 24 ಗ್ರಾಂ ಅಷ್ಟು ದೊಡ್ಡ ರಾಶಿಯಲ್ಲಿ ಹಂಚಿಹೋಗುತ್ತದೆ. ಒಂದು ಬಟ್ಟಲಿಗೆ ಒಂದು ಬಟ್ಟಲು ಹೋಲಿಸಿದರೆ ಮೊಳಕೆಯಲ್ಲಿ ಪ್ರೋಟೀನ್ ಕಮ್ಮಿಯೇ. ಜೀರ್ಣ ಆಗುವುದು ಮಾತ್ರ ಸುಲಭ. ಹೊಟ್ಟೆ ಉಬ್ಬರಿಸುವ ರಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳು ಸ್ವಲ್ಪ ನೆನೆಸಿದ ನೀರಿಗೆ ಇಳಿಯುತ್ತವೆ, ಉಳಿದದ್ದನ್ನು ಮೊಳಕೆ ತಾನೇ ಉಪಯೋಗಿಸಿಕೊಳ್ಳುತ್ತದೆ. ಆ ನೀರು ಚೆಲ್ಲುವುದು ಅದಕ್ಕೇ, ಗಿಡಕ್ಕೆ ಹಾಕಿ. ಹೊಸದಾಗಿ ಹುಟ್ಟುವುದು ವಿಟಮಿನ್ ಸಿ. ಒಣ ಕಾಳಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು, ಮೊಳಕೆಯಲ್ಲಿ ಬರುತ್ತದೆ. ಬಿ12 ಮೊಳಕೆಯಲ್ಲಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ಹಾಲು, ಮೊಸರು, ಮೊಟ್ಟೆ, ಮಾಂಸವೇ ಬೇಕು.

ಹಸಿಯೋ ಬೇಯಿಸಿದ್ದೋ? ಬೇಯಿಸಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಕಾಳಿಗೆ ಬೇಕಾದ ಬೆಚ್ಚಗಿನ ತೇವವೇ ಸಾಲ್ಮೊನೆಲ್ಲಾ, ಇ-ಕೋಲೈ ಥರದ ರೋಗಾಣುಗಳಿಗೂ ಬೇಕು. ಬೀಜದ ಬಿರುಕಿನಲ್ಲಿ ನಾಲ್ಕೇ ನಾಲ್ಕು ಇದ್ದರೂ ಒಂದು ರಾತ್ರಿಯಲ್ಲಿ ಲೆಕ್ಕ ತಪ್ಪುತ್ತವೆ, ತೊಳೆದರೆ ಹೋಗುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ-ಕೋಲೈ ಹರಡಿ ಸಾವಿರಾರು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಷ್ಟು ಅಚ್ಚುಕಟ್ಟಾದ ದೇಶದಲ್ಲಿ ಹೀಗಾಗಿದೆ. ಗರ್ಭಿಣಿಯರು, ಮಕ್ಕಳು, ವಯಸ್ಸಾದವರು ಹಸಿ ಮೊಳಕೆ ಮುಟ್ಟಲೇಬಾರದು. ಐದು ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿದರೆ ವಿಟಮಿನ್ ಸಿ ಒಂದಿಷ್ಟು ಹೋಗುತ್ತದೆ ನಿಜ. ಕೆಳಗಿಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಹೋದದ್ದು ವಾಪಸ್ ಬಂತು. ಕಬ್ಬಿಣ ರಕ್ತಕ್ಕೆ ಸೇರಲೂ ಆ ನಿಂಬೆ ಬಹಳ ಸಹಾಯ ಮಾಡುತ್ತದೆ. ಊಟದ ಜೊತೆಗೋ ಊಟ ಆದ ತಕ್ಷಣವೋ ಚಹಾ ಕುಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆಯಾದರೂ ಮುಂದಕ್ಕೆ ಹಾಕಿ, ಚಹಾದ ಒಗರು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ.

ರಾಜ್ಮಾ ಮಾತ್ರ ಎಂದೂ ಹಸಿಯಾಗಿಯೋ ಅರೆಬೆಂದದ್ದೋ ತಿನ್ನಬೇಡಿ. ಅದರಲ್ಲಿ ವಾಂತಿ ಭೇದಿ ಮಾಡಿಸುವ ವಿಷ ಇದೆ. ನೆನೆಸಿ, ನೀರು ಚೆಲ್ಲಿ, ಹೊಸ ನೀರಲ್ಲಿ ಕೊತಕೊತ ಕುದಿಸಿದರೆ ಮಾತ್ರ ಅದು ಹೋಗುತ್ತದೆ. ಸೋಯಾಕಾಳೂ ಚೆನ್ನಾಗಿ ಬೇಯಲೇಬೇಕು.

ಬೋರ್ ನೀರಿನ ಬಗ್ಗೆ ಕೇಳಿದ್ದೀರಿ. ವಾಸನೆಗೆ ಅದು ಕಾರಣ ಅಲ್ಲ, ಆದರೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಬಹಳ ಕಡೆ ಬೋರ್ ನೀರು ಗಡಸು. ಗಡಸು ನೀರಿನ ಸುಣ್ಣ ಕಾಳಿನ ಸಿಪ್ಪೆಗೆ ಅಂಟಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ನೆನೆಯೋದೂ ತಡ, ಬೇಯೋದೂ ತಡ. ಕುಡಿಯಲು ತರುವ ಕ್ಯಾನ್ ನೀರಲ್ಲೇ ಕಾಳು ನೆನೆಸಿ, ಬೇಯಿಸಿ, ವ್ಯತ್ಯಾಸ ಗೊತ್ತಾಗುತ್ತದೆ. ಬೇಗ ಬೇಯಲಿ ಅಂತ ಸೋಡಾ ಹಾಕಬೇಡಿ, ಬಿ1 ಹಾಳಾಗುತ್ತದೆ.

ಮಾತ್ರೆ ಬಿಡಬೇಡಿ. ಮಕ್ಕಳಾಗಿ ಒಂದೆರಡು ವರ್ಷ ಆದ ಹೆಣ್ಣುಮಕ್ಕಳಿಗೆ ಹಿಮೋಗ್ಲೋಬಿನ್ 12 ಇರಬೇಕು, 9.4 ಅಂದರೆ ಖಜಾನೆ ಬರಿದಾಗಿದೆ. ಊಟದಿಂದ ಮಾತ್ರ ಅಷ್ಟು ತುಂಬಲು ಬಹಳ ಕಾಲ ಬೇಕು. ಮಾತ್ರೆಯನ್ನು ಹಾಲಿನ ಜೊತೆ, ರಾಗಿ ಗಂಜಿ ಜೊತೆ, ಚಹಾ ಜೊತೆ ನುಂಗಬೇಡಿ. ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ.

ಚಳ್ಳಕೆರೆ ಶೇಂಗಾ

ಅಕ್ಕ, ಟೀಚರ್ ಅಡುಗೆಮನೆಯ ಕಡೆಯಿಂದ ಹೇಳಿದರು, ನಾನು ಹೊಲದ ಕಡೆಯಿಂದ ಎರಡು ಮಾತು ಹೇಳುತ್ತೇನೆ, ಎರಡೂ ಜೀವಕ್ಕೆ ಸಂಬಂಧಪಟ್ಟದ್ದು.

ಒಂದು, ಮೊಳಕೆಗೆ ಅಂತ ಬಿತ್ತನೆ ಬೀಜ ಎಂದೂ ತರಬೇಡಿ. ಬಿತ್ತನೆ ಬೀಜ ಚೆನ್ನಾಗಿ ಮೊಳೆಯುತ್ತದೆ ಅಂತ ಒಂದಿಷ್ಟು ಜನ ಅಂದುಕೊಳ್ಳುತ್ತಾರೆ. ಶೇಂಗಾ ಬೀಜಕ್ಕೆ, ಜೋಳಕ್ಕೆ, ಕಾಳಿಗೆ ಬೀಜೋಪಚಾರ ಅಂತ ಬೂಷ್ಟು ನಾಶಕ ಸವರಿರುತ್ತಾರೆ. ಗುಲಾಬಿಯೋ ಕೆಂಪೋ ನೀಲಿಯೋ ಬಣ್ಣ ಕೊಟ್ಟಿರುತ್ತಾರೆ, ನೋಡಿದ ಕೂಡಲೇ ಗೊತ್ತಾಗಲಿ ಅಂತ. ತೊಳೆದರೆ ಬಣ್ಣ ಹೋಗಬಹುದು, ವಿಷ ಹೋಗಲ್ಲ. ಕೋಳಿಗೂ ಹಾಕಬೇಡಿ. ಮುಂಗಾರಿಗೆ ಮುಂಚೆ ನಮ್ಮ ಕಡೆ ಎಷ್ಟೋ ಮನೆಯಲ್ಲಿ ಉಳಿದ ಬೀಜದ ಚೀಲ ಅಡುಗೆಮನೆಯ ಮೂಲೆಯಲ್ಲೇ ಇರುತ್ತದೆ, ನನಗೆ ಅದನ್ನು ನೋಡಿದರೆ ಎದೆ ಡವಡವ ಎನ್ನುತ್ತದೆ. ಕಿರಾಣಿ ಅಂಗಡಿಯ ತಿನ್ನುವ ಕಾಳೇ ತನ್ನಿ.

ಎರಡು, ಜೋಳ ಮೊಳಕೆ ಬರಿಸಬೇಡಿ. ಎಳೆ ಜೋಳದ ಪೈರು ಮೇಯ್ದು ದನ ಸಾಯುವುದು ನಮ್ಮ ಕಡೆ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ನಾನು ಹುಡುಗನಾಗಿದ್ದಾಗ ಮಳೆ ಕೈಕೊಟ್ಟ ವರ್ಷ ಪಕ್ಕದ ಮನೆಯ ಹಸು ಮೊಣಕಾಲೆತ್ತರದ ಬಾಡಿದ ಜೋಳ ಮೇಯ್ದು, ನೋಡನೋಡುತ್ತಲೇ ಏದುಸಿರು ಬಿಟ್ಟು ನಡುಗಿ ಬಿದ್ದುಬಿಟ್ಟಿತು. ಆ ಮನೆಯ ಅಮ್ಮ ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ಎಳೆ ಮೊಳಕೆಯಲ್ಲಿ, ಎಲೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ, ಒಣ ಜೋಳದ ಕಾಳಲ್ಲಿ ಅದು ಹೆಚ್ಚೂಕಮ್ಮಿ ಇಲ್ಲ. ಹಾಗಾಗಿ ರೊಟ್ಟಿ, ಮುದ್ದೆ ಧೈರ್ಯವಾಗಿ ತಿನ್ನಿ. ಮೊಳಕೆ ಬೇಕು ಅಂದರೆ ರಾಗಿ ಇದೆ, ಸಜ್ಜೆ ಇದೆ.

ಅಂಗಡಿಯ ನವಣೆ ಅಕ್ಕಿ ಮೊಳೆಯಲ್ಲ, ಕಾಯುತ್ತಾ ಕೂರಬೇಡಿ. ಹೊಟ್ಟು ತೆಗೆದು ಪಾಲಿಶ್ ಮಾಡುವಾಗ ಮೊಳೆಯುವ ಮೂತಿಯೇ ಹೋಗಿರುತ್ತದೆ. ಬೇಳೆಯೂ ಅಷ್ಟೇ, ಒಡೆದ ಮೇಲೆ ಮುಗಿಯಿತು. ಹಾಗಂತ ನೆನೆಸೋದು ಬಿಡಬೇಡಿ, ಎರಡು ಮೂರು ತಾಸು ನೆನೆದ ನವಣೆ ಅನ್ನ ಮೆತ್ತಗಾಗುತ್ತದೆ.

ಶೇಂಗಾ ನೆನೆಸಿ ಬೇಯಿಸಿ ತಿನ್ನಿ, ಮೊಳಕೆ ಮಾತ್ರ ಬೇಡ. ಸುಕ್ಕುಗಟ್ಟಿದ, ಕಪ್ಪಾದ, ಬೂಷ್ಟು ಹಿಡಿದ ಕಾಳಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ಲಿವರಿಗೆ ಕೆಟ್ಟದ್ದು, ಹುರಿದರೂ ಬೇಯಿಸಿದರೂ ಹೋಗಲ್ಲ. ಬೆಚ್ಚಗೆ ತೇವದಲ್ಲಿ ಇಟ್ಟರೆ ಬೂಷ್ಟಿಗೆ ಹಬ್ಬ. ನಾನು ಶೇಂಗಾ ಬೆಳೆಯುವವನೇ, ಮನೆಗೆ ಅಂತ ಆರಿಸುವಾಗ ಒಂದೊಂದೇ ಕಾಳು ನೋಡುತ್ತೇನೆ.

ಕೋಟೆ ಟೀಚರ್, ಚಿತ್ರದುರ್ಗ

ಅಣ್ಣ, ಜೋಳದ ವಿಷಯ ನೀವು ಹೇಳಿದ್ದು ತುಂಬಾ ಒಳ್ಳೆಯದಾಯಿತು. ಬಾದಾಮಿ, ಅಗಸೆ ಬಿಟ್ಟುಹೋಗಿತ್ತು. ಬಾದಾಮಿ ನೆನೆಸಿದರೆ ಫೈಟೇಟ್ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಅಗಿಯಲು ಸುಲಭ, ರುಚಿ ಚೆನ್ನಾಗಿರುತ್ತದೆ, ಅಷ್ಟೇ. ಒಣದಾಗಿ ತಿಂದರೂ ನಷ್ಟ ಇಲ್ಲ. ಅಗಸೆ ನೆನೆಸಿದರೆ ಲೋಳೆಯಾಗುವುದು ಅದರ ಗುಣ, ಕೆಟ್ಟದ್ದಲ್ಲ. ಹುರಿದು ಚಟ್ನಿಪುಡಿ ಮಾಡಿಕೊಳ್ಳುವುದೇ ಅದಕ್ಕೆ ಸರಿ. ಮಗುವಿಗೆ ಇಡೀ ಶೇಂಗಾ, ಇಡೀ ಕಡಲೆ, ಇಡೀ ಬಾದಾಮಿ ಕೊಡಲೇಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೊಳಕೆ ಕಾಳನ್ನೂ ಬೇಯಿಸಿ ಕಿವುಚಿ ಕೊಡಿ.

ರಾಗಿ ಹಿಟ್ಟಿನ ಗಂಜಿ ಖಂಡಿತ ಕೊಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ, ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ. ಮೊಳಕೆ ಬರಿಸಿದಾಗ ಇನ್ನೊಂದು ಅನುಕೂಲ. ಅಮೈಲೇಸ್ ಅನ್ನುವ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ, ಗಂಜಿ ಗಟ್ಟಿಯಾಗುವುದಿಲ್ಲ. ಬರೀ ರಾಗಿಹಿಟ್ಟು ಎರಡು ಚಮಚ ಹಾಕಿದರೆ ಅಂಟಿನ ಹಾಗಾಗುತ್ತದೆ, ನೀರು ಜಾಸ್ತಿ ಹಾಕಬೇಕಾಗುತ್ತದೆ, ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆ ಹಿಟ್ಟಾದರೆ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಸುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ: ಗಟ್ಟಿ ಗಂಜಿ ಕಾಯಿಸಿ ಕೆಳಗಿಳಿಸಿ, ಸ್ವಲ್ಪ ಆರಿದ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಬೆರೆಸಿ ಕಲಕುತ್ತಾ ಇರಿ, ಕೆಲವೇ ನಿಮಿಷದಲ್ಲಿ ತೆಳ್ಳಗಾಗುತ್ತದೆ. ಆಮೇಲೆ ಇನ್ನೊಮ್ಮೆ ಕುದಿಸಿ ಕೊಡಿ.

ನಿಟ್ಟುವಳ್ಳಿ ಸೊಸೆ, ದಾವಣಗೆರೆ

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಅಮ್ಮ, ನೀವು ಹೇಳಿದ ಹಾಗೆ ಸಂಜೆ ನೆನೆಸಿ ರಾತ್ರಿ ಕಟ್ಟುತ್ತಿದ್ದೇನೆ. ಮೊದಲ ದಿನ ಬೆಳಗ್ಗೆ ಗಂಟು ಬಿಚ್ಚಿದಾಗ ಒಂದೂ ಕಾಳು ಬಿಡದೆ ಬಿಳಿ ಮೂತಿ ಚಾಚಿತ್ತು, ಹಸಿ ಹುಲ್ಲಿನ ಹಾಗೆ ತಣ್ಣಗಿನ ವಾಸನೆ. ಫೋಟೋ ತೆಗೆದು ಅತ್ತೆಗೆ ಕಳಿಸಿದೆ, ಅವರು ವಾಪಸ್ ಫೋನ್ ಮಾಡಿ ಹುರುಳಿ ಕಟ್ಟಿನ ಸಾರಿಗೆ ಎಷ್ಟು ಬೆಳ್ಳುಳ್ಳಿ ಹಾಕಬೇಕು ಅಂತ ಅರ್ಧ ಗಂಟೆ ಹೇಳಿಕೊಟ್ಟರು. ಈಗ ವಾರಕ್ಕೆ ನಾಲ್ಕು ದಿನ ರೊಟ್ಟಿ ಜೊತೆ ಮೊಳಕೆ ಕಾಳು ಪಲ್ಯ, ಮೇಲೆ ನಿಂಬೆ. ಕ್ಯಾನ್ ನೀರಲ್ಲಿ ಎರಡು ಸೀಟಿಗೇ ಹುರುಳಿ ಬೆಂದಿತು, ಮೊದಲು ಐದು ಕೂಗಿಸಿದರೂ ಕಟುಕಟು ಅನ್ನುತ್ತಿತ್ತು. ಊಟದ ಮೇಲಿನ ಚಹಾ ಬಿಡುವುದೇ ಕಷ್ಟ ಆಯಿತು, ಈಗ ನಾಲ್ಕು ಗಂಟೆಗೆ ಕುಡಿಯುತ್ತೇನೆ. ಮಾತ್ರೆ ತಪ್ಪಿಸಿಲ್ಲ. ರಕ್ತ ಪರೀಕ್ಷೆ ಮುಂದಿನ ತಿಂಗಳು. ಅಣ್ಣ, ನಮ್ಮ ಹಳ್ಳಿ ಮನೆಯ ಅಟ್ಟದ ಮೇಲೆ ಗುಲಾಬಿ ಬಣ್ಣದ ಶೇಂಗಾ ಬೀಜದ ಚೀಲ ನಿಜವಾಗಿಯೂ ಇತ್ತು, ಮಾವನಿಗೆ ಹೇಳಿ ಕೊಟ್ಟಿಗೆಯ ಪೆಟ್ಟಿಗೆಗೆ ಬೀಗ ಹಾಕಿಸಿದೆ.

ಒಂದೇ ಪ್ರಶ್ನೆ ಉಳಿದಿದೆ. ರಾಗಿ ಒಂದು ರಾತ್ರಿ ನೆನೆಸಿ ಒಂದೂವರೆ ದಿನ ಕಟ್ಟಿದ್ದೆ, ಮೊಳಕೆ ಚೆನ್ನಾಗಿ ಬಂತು. ಒಣಗಿಸಿ ಗಿರಣಿಗೆ ಹಾಕಿಸಿದರೆ ಹಿಟ್ಟು ಸ್ವಲ್ಪ ಕಹಿ. ಮಗಳು ಮುಖ ತಿರುಗಿಸುತ್ತಾಳೆ.

ಹಿರಿಯೂರಮ್ಮ

ಬೇರು ಉದುರಿಸದೆ ಬೀಸಿಸಿದ್ದೀಯ ಅವ್ವಾ, ಕಹಿ ಆ ಬೇರಿನದ್ದು. ಮೊಳಕೆ ಉದ್ದ ಬಿಟ್ಟಷ್ಟೂ ಕಹಿ, ಕಾಲು ಅಂಗುಲಕ್ಕೆ ಬಿಚ್ಚಿಬಿಡು. ನೆರಳಲ್ಲಿ ಗಾಳಿಗೆ ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸು, ಒಳಗೆ ತೇವ ಉಳಿದರೆ ಮುಗ್ಗಲು ಹಿಡಿಯುತ್ತದೆ. ಆಮೇಲೆ ಸಣ್ಣ ಉರಿಯಲ್ಲಿ ಕೈ ಬಿಡದೆ ಬೆಚ್ಚಗೆ ಮಾಡು, ಘಮ್ ಅಂದ ಕೂಡಲೇ ಇಳಿಸು. ಜಾಸ್ತಿ ಹುರಿದರೆ ಟೀಚರ್ ಹೇಳಿದ ಆ ತೆಳ್ಳಗಾಗುವ ಗುಣ ಹೋಗುತ್ತದೆ. ಬಿಸಿ ಇರುವಾಗಲೇ ಒರಟು ಬಟ್ಟೆಯ ಮೇಲೆ ಹಾಕಿ ಅಂಗೈಯಲ್ಲಿ ತಿಕ್ಕು, ಬೇರು ಎಲ್ಲ ಉದುರುತ್ತದೆ, ಮೊರದಲ್ಲಿ ಕೇರಿ ಬೀಸಿಸು. ಗಿರಣಿಯವನಿಗೆ ಮೆಣಸಿನಕಾಯಿ ಬೀಸಿದ ಮೇಲೆ ಹಾಕಬೇಡ ಅಂತ ಹೇಳು, ಮಗುವಿಗೆ ಅಂತ ಹೇಳಿದರೆ ಬೆಳಗ್ಗೆ ಮೊದಲು ಹಾಕಿಕೊಡುತ್ತಾರೆ.

ಈಗ ಮಾಡಿದ ಹಿಟ್ಟು ಚೆಲ್ಲಬೇಡ. ದೊಡ್ಡವರಿಗೆ ಅಂಬಲಿ ಕಾಯಿಸಿ, ಮಜ್ಜಿಗೆ, ಈರುಳ್ಳಿ, ಉಪ್ಪು ಹಾಕಿಕೊಂಡು ಕುಡಿಯಿರಿ. ಮಜ್ಜಿಗೆಯಲ್ಲಿ ಆ ಕಹಿ ಗೊತ್ತೇ ಆಗಲ್ಲ.